ಕುರ್ಚಿ ಜಾರದ ಹಾಗೆ

ಮಾರ್ಚ್ 6, ಶುಕ್ರವಾರ

ಪಟ್ಟಿ ಮತ್ತೆ ಸಡಿಲವಾಯಿತು. ಹೊಸ ನೈಲಾನ್ ಪಟ್ಟಿ, “ಆನೆ ಕಟ್ಟಬಹುದು” ಎಂದು ಹಗ್ಗದಂಗಡಿಯವನು ಕೊಟ್ಟಿದ್ದ. ಆನೆ ಕಟ್ಟಬಹುದೇನೋ. ಅಕ್ಕನ ಕುರ್ಚಿ ಕಟ್ಟಲಾಗದು.

ಬ್ಯಾಟರಿ ಕುರ್ಚಿ. ಮಡಚಲು ಬರುವುದಿಲ್ಲ, ಆಳಿನಷ್ಟು ತೂಕ. ಹಲಗೆ ಇಟ್ಟು ಗುಂಡಿ ಒತ್ತಿದರೆ ತಾನೇ ಪಿಕಪ್ ಹತ್ತುತ್ತದೆ. ಹತ್ತಿದ ಮೇಲಿನದೇ ಕಷ್ಟ. ಈ ಗಾಡಿಯ ಹಿಂದಿನ ಮಾಲೀಕ ಟೈಲ್ಸ್ ಹಾಕುವವನು. ಹತ್ತು ವರ್ಷ ಟೈಲ್ಸ್ ಎಳೆದೆಳೆದು ಹಿಂಭಾಗದ ತಗಡಿನಲ್ಲಿ ಬಣ್ಣವೇ ಇಲ್ಲ. ಕನ್ನಡಿಯ ಹಾಗೆ ನುಣುಪು. ಬಸ್ ಡಿಪೋ ತಿರುವಿನಲ್ಲಿ ಪ್ರತಿ ಸಲ ಧಡ್ ಎನ್ನುತ್ತದೆ.

ಪಕ್ಕದ ಸೀಟಿನಲ್ಲಿ ಅಕ್ಕ, ಪ್ರತಿ ಸಲ — “ನಿನ್ನ ಭಾವ ಎದ್ದ ನೋಡು.”

ಅಕ್ಕ ಮದುವೆಯಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಅಂಗವಿಕಲರ ಸಾಧನ ಕೇಂದ್ರದವರು ಕುರ್ಚಿಯನ್ನು ಎರವಲಾಗಿ ತಂದಿಳಿಸಿದಾಗ ನನಗೆ ಪರಿಚಯ ಮಾಡಿಸಿದ್ದಳು. “ಇವರು ನಿನ್ನ ಭಾವ. ಮಾತು ಕಮ್ಮಿ, ಕರೆಂಟು ಜಾಸ್ತಿ.” ಅಂದಿನಿಂದ ಭಾವ.

ಇವತ್ತು ಧಡ್ ಎಂದದ್ದು ಜೋರಾಗಿತ್ತು. ಕುರ್ಚಿಯ ಕೈಯಾಸರೆ ಸೀಳಿಹೋಗಿದೆ. ಗಾಡಿಯ ತಗಡಿನ ಮೇಲೆ ಹೊದಿಸುವ ಬೆಡ್ ಲೈನರ್ ಹಾಕಿಸಲೇಬೇಕು.

ಆಮೇಲೆ ಕೊಳ. ಶುಕ್ರವಾರ ಮಧ್ಯಾಹ್ನ ಬಿಸಿನೀರಿನ ಕೊಳ ನಮ್ಮಂಥವರಿಗೆ ಮೀಸಲು. ತೊಟ್ಟಿಲಿನಂಥ ಯಂತ್ರದಲ್ಲಿ ಅಕ್ಕನನ್ನು ಇಳಿಸುತ್ತಾರೆ, ನಾನು ಬೆನ್ನಿನ ಕೆಳಗೆ ಅಂಗೈ ಹಿಡಿಯುತ್ತೇನೆ. ಹಿಡಿಯುವುದೆಂದರೆ ಏನು, ಅಲ್ಲಿ ಅವಳಿಗೆ ತೂಕವೇ ಇಲ್ಲ. ವಾರವಿಡೀ ಚಮಚ ಎತ್ತಲಾಗದ ಕೈ ನೀರಿನಲ್ಲಿ ತಾನಾಗಿ ಮೇಲೆ ಬರುತ್ತದೆ. ನನಗೆ ಏಳು ವರ್ಷವಿದ್ದಾಗ ಕೆರೆಯಲ್ಲಿ ತೇಲುವುದು ಕಲಿಸಿದವಳು ಅವಳೇ. ಕೈ ಬಿಡಲ್ಲ ಬಿಡಲ್ಲ ಎನ್ನುತ್ತಲೇ ಬಿಟ್ಟಿದ್ದಳು.

ಹೊರಬರುವಾಗ ಬಾಗಿಲಲ್ಲಿ ನೋಟಿಸು. ದುರಸ್ತಿಗಾಗಿ ಈ ತಿಂಗಳ ಕೊನೆಗೆ ಕೊಳ ಬಂದ್, ‘ಮುಂದಿನ ಸೂಚನೆಯವರೆಗೆ’. ಮೂವತ್ತು ವರ್ಷ ಪ್ರೂಫ್ ತಿದ್ದಿದವಳು ನಾನು, ಪದಗಳನ್ನು ಮರೆಯುವುದಿಲ್ಲ. ಹಿಂದಿನ ಸಲವೂ ಇವೇ ಪದಗಳು. ಮುಂದಿನ ಸೂಚನೆ ಬರಲು ಎರಡು ವರ್ಷ ಬೇಕಾಗಿತ್ತು.

ಮಾರ್ಚ್ 9, ಸೋಮವಾರ

ಬಸ್ ಕಂಪನಿಗೆ ಮತ್ತೊಂದು ಪತ್ರ. ಕುರ್ಚಿ ಹತ್ತುವ ಬಸ್ ಈ ಊರಿನಲ್ಲಿ ಇತ್ತು. ಇಳಿಜಾರು ಹಲಗೆ, ಹಳದಿ ಕಂಬಿ, ಉದ್ಘಾಟನೆಗೆ ಬ್ಯಾಂಡು. ಅಧ್ಯಕ್ಷರು ಖುದ್ದಾಗಿ ಗಾಲಿಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದರು. ಬೇಡಿಕೆ ಇಲ್ಲವೆಂದು ಮೂರು ವರ್ಷದ ಹಿಂದೆ ತೆಗೆದರು. ಬೇಡಿಕೆ ಮನೆಯಲ್ಲೇ ಕೂತಿದೆ, ಸ್ವಾಮಿ. ಹತ್ತಿ ಬರಲು ಬಸ್ಸಿಲ್ಲ.

ಬಸ್ ಇದ್ದಿದ್ದರೆ ಪಿಕಪ್ ಬೇಡ, ಲೈನರ್ ಬೇಡ. ಅರವತ್ತೆರಡರಲ್ಲಿ ಲೈನರ್ ಅಂಗಡಿ ಅಲೆಯುವ ಭಾಗ್ಯವೂ ನನಗಿರುತ್ತಿರಲಿಲ್ಲ.

ಅಂಗಡಿಯವನು ಮಾತಿನ ಮಲ್ಲ. “ಏನು ಸಾಗಿಸ್ತೀರಮ್ಮ? ಮರಳಾ, ಕಟ್ಟಿಗೆನಾ?”

“ಭಾವನ್ನ.”

ಕುರ್ಚಿಯ ಕಥೆ ಹೇಳಿದ ಮೇಲೆ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದ.

ಮೂರು ಬಗೆ ತೋರಿಸಿದ. ಮೊದಲನೆಯದು ಗಟ್ಟಿ ಪ್ಲಾಸ್ಟಿಕ್ಕಿನ ತೊಟ್ಟಿ, ಹಾಗೇ ಒಳಗೆ ಕೂರಿಸುವುದು. ಎಲ್ಲರೂ ಅದನ್ನೇ ಒಯ್ಯುತ್ತಾರಂತೆ. ಕೈಯಾಡಿಸಿ ನೋಡಿದೆ — ತಗಡಿಗಿಂತ ನುಣುಪು. ಭಾವನಿಗೆ ಜಾರುಬಂಡೆ ಕಟ್ಟಿಕೊಟ್ಟ ಹಾಗೆ. ಮೇಲಾಗಿ ಅಡಿಯಲ್ಲಿ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ ಎಂದು ನಾನೇ ಓದಿದ್ದೇನೆ. ಕೇಳಿದೆ. “ಹಿಡಿಯುತ್ತೆ” ಎಂದು ಒಪ್ಪಿದ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಎರಡನೆಯದು ದಪ್ಪ ರಬ್ಬರ್ ಚಾಪೆ. ಹಾಸಿದರೆ ಮುಗಿಯಿತು, ಬೇಡವೆಂದಾಗ ಸುತ್ತಿ ತೆಗೆಯಬಹುದು. ಮೂರನೆಯದು ಸಿಂಪಡಿಸುವ ಲೇಪ. ಹಳೆಯ ಮೈ ಉಜ್ಜಿ, ಅದರ ಮೇಲೆ ಹೊಡೆದು ಒಣಗಿಸುತ್ತಾರೆ. ಮರಳಿನ ಕಾಗದದ ಹಾಗೆ ತರಿತರಿ. ಒಮ್ಮೆ ಹಾಕಿದರೆ ಕೀಳುವ ಹಾಗಿಲ್ಲ.

“ಗಾಡಿ ಇರೋ ತನಕ ಇರುತ್ತಮ್ಮ. ಹತ್ತು ವರ್ಷ ಗ್ಯಾರಂಟಿ ಬರೆದುಕೊಡ್ತೀನಿ.”

ಮಾರ್ಚ್ 11, ಬುಧವಾರ

ಅಕ್ಕನಿಗೆ ಮೂರರ ಮಾದರಿ ತುಂಡುಗಳನ್ನೂ ತೋರಿಸಿದೆ. ಬೆರಳಿಗೆ ಬಲವಿಲ್ಲ, ಕೆನ್ನೆಗೆ ಒತ್ತಿಸಿಕೊಂಡು ನೋಡಿದಳು. ಲೇಪದ ತುಂಡಿಗೆ ಮುಖ ಕಿವುಚಿದಳು.

“ಚಾಪೆ ತಗೋ.”

“ಚಾಪೆ ಅಂಚು ಏಳುತ್ತೆ. ಲೇಪ ಆದ್ರೆ ಶಾಶ್ವತ.”

“ಶಾಶ್ವತ ಯಾರಿಗೆ ಬೇಕಿತ್ತೇ? ತೆಗೆಯೋಕೆ ಬರೋದು ಹಾಕ್ಸು. ಆಮೇಲೆ ಗಾಡಿ ಮಾರೋವಾಗ ನಿಂಗೆ ಸುಲಭ.”

“ಗಾಡಿ ಯಾಕೆ ಮಾರ್ತೀನಿ?”

“ನೀನೇನು ಟೈಲ್ಸ್ ಸಾಗಿಸ್ತೀಯಾ?”

ಎದ್ದು ಒಲೆಯ ಹತ್ತಿರ ಹೋದೆ. ಹಾಲು ಉಕ್ಕಿರಲಿಲ್ಲ. ಉಕ್ಕಿದೆ ಎಂದು ಹೇಳಿದೆ.

ಮಾರ್ಚ್ 13, ಶುಕ್ರವಾರ

ಕೊಳ. ಭಾವನ ನಾಲ್ಕೂ ಕಡೆ ಹಳೆಯ ಹಾಸಿಗೆ ತುರುಕಿ ಒಯ್ದೆ. ಆದರೂ ತಿರುವಿನಲ್ಲಿ ಗೊಣಗಿದ. “ಹಾಸಿಗೆ ಕೊಟ್ರೂ ನಿದ್ದೆ ಇಲ್ಲ ಇವನಿಗೆ” ಎಂದಳು ಅಕ್ಕ. ನೀರಿನಲ್ಲಿ ಎಂದಿಗಿಂತ ಬೇಗ ದಣಿದಳು. ತುಟಿ ನೀಲಿ. ಆದರೂ ಮೇಲೆ ಬರಲೊಲ್ಲಳು. ಇನ್ನೊಂದು ಸುತ್ತು, ಇನ್ನೊಂದು ಸುತ್ತು... ಚಿಕ್ಕ ಮಕ್ಕಳ ಹಾಗೆ.

ಮಾರ್ಚ್ 17, ಮಂಗಳವಾರ

ಆಸ್ಪತ್ರೆ. ಊದುವ ಕೊಳವೆಯಲ್ಲಿ ಅಕ್ಕ ಊದಿದಳು, ಗುಂಡು ಮೇಲೇಳಲಿಲ್ಲ. ಸ್ನಾಯುಗಳ ಕಾಯಿಲೆ ಈಗ ಎದೆಗೆ ಇಳಿದಿದೆಯಂತೆ. ಡಾಕ್ಟರು ಚಿಕ್ಕವಳು, ಕಣ್ಣು ತಪ್ಪಿಸಲಿಲ್ಲ, ಅದಕ್ಕೆ ಮೆಚ್ಚಿದೆ. ಕಾರಿಡಾರಿನಲ್ಲಿ ನನಗೊಬ್ಬಳಿಗೇ — “ಕೊಳಕ್ಕೆ ಹೋಗ್ತಿದ್ದಾರಲ್ಲ, ಹೋಗಲಿ. ಆಗೋ ತನಕ ಹೋಗಲಿ.”

ಆಗೋ ತನಕ. ಗಾಡಿ ಇರೋ ತನಕ. ಎಲ್ಲರ ಬಾಯಲ್ಲೂ ಅದೊಂದೇ ಪದ.

ಹಿಂದಿರುಗುವಾಗ ಅಂಗಡಿ ಎದುರು ನಿಲ್ಲಿಸಿದೆ. ಅಕ್ಕ ಸೀಟಿನಲ್ಲಿ ಕಣ್ಣು ಮುಚ್ಚಿದ್ದಳು. ಲೇಪಕ್ಕೇ ಹೇಳಿಬಂದೆ. ಮುಂದಿನ ಸೋಮವಾರ ಗಾಡಿ ಬಿಡಬೇಕು, ಗುರುವಾರ ಕೈಗೆ. ಸುತ್ತಿ ತೆಗೆಯುವಂಥದ್ದನ್ನು ಕೊಳ್ಳಲು ಮನಸ್ಸು ಬರಲಿಲ್ಲ. ಅಷ್ಟೇ. ಹೆಚ್ಚು ಬರೆಯುವುದಿಲ್ಲ.

ಮಾರ್ಚ್ 23, ಸೋಮವಾರ

ಗಾಡಿ ಬಿಟ್ಟುಬಂದೆ. ಕೊಳದ ಕೊನೆಯ ಶುಕ್ರವಾರ ಇಪ್ಪತ್ತೇಳಕ್ಕೆ. ಮರೆಯಬೇಡ ಎಂದು ಅಂಗಡಿಯವನಿಗೆ ಮೂರು ಸಲ ಹೇಳಿದೆ. “ಗುರುವಾರ ಬೆಳಿಗ್ಗೆ ನಿಮ್ಮ ಮನೆ ಮುಂದೆ ನಿಂತಿರುತ್ತಮ್ಮ.” ಈ ಶುಕ್ರವಾರ ಕೊಳ ಮುಗಿದ ಮೇಲೆ ಬಿಡಬಹುದಿತ್ತಲ್ಲವೇ ಎಂದು ದಾರಿಯಲ್ಲಿ ಹೊಳೆಯಿತು. ಆದರೆ ಕೊನೆಯ ದಿನವಾದರೂ ಸದ್ದಿಲ್ಲದೆ, ಹೆದರಿಕೆ ಇಲ್ಲದೆ ಹೋಗಿಬರಲಿ ಎಂದು...

ಅಕ್ಕನಿಗೆ ತಿಳಿಸಿದೆ. “ಚಾಪೆ ತಾನೇ?” “ಲೇಪ.” “ಹುಚ್ಚಿ” ಎಂದಳು. ಅಷ್ಟೇ.

ಮಾರ್ಚ್ 26, ಗುರುವಾರ

ಗಾಡಿ ಇಲ್ಲ. ಎರಡು ದಿನದಿಂದ ಮೋಡ, ಥಂಡಿ. ಲೇಪ ಒಣಗಿಲ್ಲವಂತೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ.

“ಹಾಗೇ ಕೊಡಿ.”

“ಅಮ್ಮಾ, ಕುರ್ಚಿ ನಿಲ್ಲಿಸಿದ್ರೆ ಗಾಲಿ ಅಂಟ್ಕೊಂಡುಬಿಡುತ್ತೆ. ಆಮೇಲೆ ಕುರ್ಚಿ ಇಳಿಸೋಕೇ ಆಗಲ್ಲ.”

“ಗುರುವಾರ ಅಂದಿದ್ರಿ.”

“ಬಿಸಿಲು ನನ್ನ ಕೈಲಿದ್ಯಾ?”

ಬಸ್ ಕಂಪನಿಯ ಅಧ್ಯಕ್ಷರಿಗೂ ಆಡದ ಮಾತು ಆಡಿದೆ. ಪಾಪ, ತಲೆ ತಗ್ಗಿಸಿ ಕೇಳಿಸಿಕೊಂಡ.

ಮಾರ್ಚ್ 27, ಶುಕ್ರವಾರ

ಹೋಗಲಿಲ್ಲ.

ಬೆಳಿಗ್ಗೆಯೇ ಅಕ್ಕನಿಗೆ ಈಜುಡುಗೆ ತೊಡಿಸಿದ್ದೆ, ದಾರಿ ಏನಾದರೂ ಸಿಕ್ಕೀತೆಂದು. ಎದುರುಮನೆಯ ಬಡಗಿ ಕೆಲಸ ಬಿಟ್ಟು ವ್ಯಾನ್ ತಂದ. ಬಾಗಿಲು ಗಿಡ್ಡ. ಭಾವನ ತಲೆಯಾಸರೆ ತಾಗಿತು. ಕಳಚಲು ಹೋದರೆ ತಿರುಪು ಜಾಮ್. ಬಡಗಿ ಬೆವರಿಳಿಸಿಕೊಂಡು, “ಗರಗಸ ಹಾಕ್ಲಾ ಅಕ್ಕಾ?” ಎಂದು ನನ್ನನ್ನು ಕೇಳಿದ. ಸಾಧನ ಕೇಂದ್ರದ ಸೊತ್ತು. ಬೇಡ ಎಂದೆ. ಟ್ಯಾಕ್ಸಿ ನಿಲ್ದಾಣಕ್ಕೆ ಫೋನ್ ಮಾಡಿದೆ. ಕುರ್ಚಿ ಎಂದ ಕೂಡಲೇ ಇಟ್ಟುಬಿಟ್ಟರು. ಮಧ್ಯಾಹ್ನ ಮುಗಿಯಿತು.

ಈಜುಡುಗೆ ಬಿಚ್ಚುವಾಗ ನನ್ನ ಬಾಯಿ ನಿಲ್ಲಲಿಲ್ಲ. ಅಂಗಡಿಯವನು, ಕೊಳದವರು, ಬಸ್ಸಿನವರು, ಇಡೀ ಊರು.

“ಸಾಕು ಮಾಡೇ,” ಎಂದಳು ಅಕ್ಕ. “ಎಲ್ಲರ ಮೇಲೂ ದೂರು ಬರೀತೀಯ. ನನ್ನ ಮೇಲೂ ಒಂದು ಬರಿ. ಹೇಳದೆ ಕೇಳದೆ ಕಾಯಿಲೆ ಬಿದ್ದಿದ್ದಾಳೆ ಅಂತ.”

ನಗಲಿಲ್ಲ ಇಬ್ಬರೂ. ಆಮೇಲೆ ಅವಳೇ, ಗೋಡೆ ಕಡೆ ಮುಖ ಮಾಡಿಕೊಂಡು — “ನೀರು ಬೆಚ್ಚಗಿರ್ತಿತ್ತು ಇವತ್ತು.”

ಮಾರ್ಚ್ 28, ಶನಿವಾರ

ಗಾಡಿ ಬಂತು. ಕೆಲಸದಲ್ಲಿ ಹುಳುಕು ಹುಡುಕಿದೆ. ಸಿಗಲಿಲ್ಲ.

ಏಪ್ರಿಲ್ 10, ಶುಕ್ರವಾರ

ಅಕ್ಕನೇ ಕೇಳಿದಳು. “ಸುಮ್ಮನೆ ಹೋಗಿಬರೋಣ. ಕೊಳದ ಹತ್ತಿರ.”

ಮುಚ್ಚಿದೆಯಲ್ಲ ಎಂದರೆ, “ನೋಡೋಕೇನು ಟಿಕೆಟ್ಟಾ?”

ಅಕ್ಕನನ್ನು ಕುರ್ಚಿಯಿಂದ ಚಿಕ್ಕ ಹಲಗೆಯ ಮೇಲೆ ಜಾರಿಸಿ ಗಾಡಿಯ ಸೀಟಿಗೆ ತರುವಷ್ಟರಲ್ಲೇ ಇಬ್ಬರಿಗೂ ಏದುಸಿರು. ಮೊದಲ ಸಲ ಭಾವ ಹೊಸ ನೆಲದ ಮೇಲೆ. ಡಿಪೋ ತಿರುವು ಬಂತು, ಹೋಯಿತು. ಏನೂ ಇಲ್ಲ. ಅಕ್ಕ ಕಿವಿಗೊಟ್ಟು ಕಾದಿದ್ದಳು. ಸ್ವಲ್ಪ ದೂರ ಹೋದ ಮೇಲೆ —

“ನಿನ್ನ ಭಾವ ಇದ್ದಾನೋ ಹೋದನೋ, ನೋಡೇ.”

ಕನ್ನಡಿಯಲ್ಲಿ ನೋಡಿದೆ. “ಇದ್ದಾನೆ. ಕೂತಿದ್ದಾನೆ ಕಲ್ಲಿನ ಹಾಗೆ.”

“ಗೊಣಗೋ ಗಂಡಸೇ ವಾಸಿ. ಸುಮ್ಮನಾದ್ರೆ ಭಯ ಆಗುತ್ತೆ.”

ಕೊಳದ ಪಕ್ಕದ ಗಾಜಿನ ಗೋಡೆಗೆ ಕುರ್ಚಿ ತಾಗಿಸಿ ನಿಲ್ಲಿಸಿದೆ. ಒಳಗೆ ನೀರಿಲ್ಲ. ಕೆಲಸದವರೂ ಇಲ್ಲ — ದುರಸ್ತಿ ಶುರುವಾದ ಯಾವ ಗುರುತೂ ಇಲ್ಲ. ಕೊಳದ ತಳದಲ್ಲಿ ಒಂದು ಏಣಿ, ಒಂದು ಬಕೆಟ್ಟು. ನನಗೆ ಮೈ ಉರಿದು ಪತ್ರದ ಮೊದಲ ಸಾಲು ತಲೆಯಲ್ಲಿ ಏಳುತ್ತಿತ್ತು. ಅಕ್ಕ ಗಾಜಿಗೆ ಹಣೆ ಹಚ್ಚಿದ್ದಳು.

“ಇಷ್ಟೇನಾ ಇದು? ನಾನು ಸಮುದ್ರ ಅಂದ್ಕೊಂಡಿದ್ದೆ.”

ಅವಳ ಉಸಿರಿನ ಮಬ್ಬು ಗಾಜಿನ ಮೇಲೆ. ತುಂಬಾ ಚಿಕ್ಕದು. ಒರೆಸಲಿಲ್ಲ.

ಮೇ 2, ಶನಿವಾರ

ಆಮ್ಲಜನಕದ ಯಂತ್ರ ಮನೆಗೆ ಬಂತು. ಮಂಚದ ಬಲಕ್ಕೆ ಅದು, ಎಡಕ್ಕೆ ಭಾವ. ಭಾವನ ಬ್ಯಾಟರಿ ಮಾತ್ರ ಚಾರ್ಜ್ ಮಾಡುತ್ತಿರು ಎನ್ನುತ್ತಾಳೆ. ಮಾಡುತ್ತೇನೆ. ಬೆನ್ನಿನ ಕೆಳಗೆ ಅಂಗೈ ಇಟ್ಟು ಹೊರಳಿಸುವಾಗ ಇಷ್ಟು ಹಗುರ... ನೀರಿಲ್ಲದೆಯೂ.

“ಬಿಡಬೇಡ.”

“ಬಿಡಲ್ಲ.”

ಜೂನ್ 4, ಗುರುವಾರ

ಬರೆಯದೆ ಬಹಳ ದಿನವಾಯಿತು. ಅಕ್ಕನನ್ನು ಕೊನೆಯದಾಗಿ ಕಳಿಸಿಕೊಟ್ಟ ದಿನದಿಂದ ಪೆನ್ನು ಹಿಡಿದಿರಲಿಲ್ಲ.

ಬಸ್ ಕಂಪನಿಯ ಉತ್ತರ ಬಂದಿದೆ. ವಿಷಯ ಪರಿಶೀಲನೆಯಲ್ಲಿದೆ. ಪ್ರಯಾಣಿಕರ ಹೆಸರು, ಪ್ರಯಾಣದ ಉದ್ದೇಶ ತಿಳಿಸಬೇಕಂತೆ. ಊರು ಕೊಳ್ಳೆ ಹೊಡೆದ ಮೇಲೂ ಕೋಟೆಯ ಬಾಗಿಲು ಹಾಕುವವರಲ್ಲ ಇವರು, ಬಾಗಿಲಿನ ಅಳತೆ ಕೇಳುವವರು.

ಉತ್ತರ ಬರೆಯಲು ಕೂತೆ. ಉದ್ದೇಶ ಎಂಬಲ್ಲಿಗೆ ಪೆನ್ನು ನಿಂತಿತು. ಎದ್ದೆ.

ಸಂಜೆ ಸಾಧನ ಕೇಂದ್ರದಿಂದ ಫೋನ್. ಮೆದುವಾಗಿ ಮಾತಾಡಿದಳು ಹೆಂಗಸು. “ಅವಸರ ಇಲ್ಲಮ್ಮ. ಆದ್ರೆ ಒಬ್ರು ಕಾಯ್ತಿದ್ದಾರೆ.”

ಇಂಥ ಮಾತಿಗೆ ಸಿಟ್ಟು ಮಾಡಲೂ ಬರುವುದಿಲ್ಲ. ನಾಳೆ ತರುತ್ತೇನೆ ಎಂದೆ.

ಜೂನ್ 5, ಶುಕ್ರವಾರ, ಮಧ್ಯಾಹ್ನ

ಕೇಂದ್ರದ ಎದುರು, ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಊಟದ ಬಿಡುವು, ಬಾಗಿಲು ಹಾಕಿದೆ.

ಕೈಯಾಸರೆಗೆ ಹೊಸ ಪ್ಲಾಸ್ಟಿಕ್ ಹಾಕಿಸಿದೆ. ಗಾಲಿ ಒರೆಸಿದೆ. ಬ್ಯಾಟರಿ ತುಂಬಿದೆ. ಸೀಟಿನ ಸಂದಿಯಲ್ಲಿ ಅಕ್ಕನ ಹೇರ್‌ಪಿನ್ ಇತ್ತು. ಅದು ನನ್ನ ಹತ್ತಿರ. ಗುಂಡಿ ಒತ್ತಿದೆ, ತಾನೇ ಹಲಗೆ ಹತ್ತಿದ. ಮಾವನ ಮನೆ ಬಿಟ್ಟು ಹೋಗುವ ಅಳಿಯ ಎಲ್ಲಾದರೂ ಉಂಟೇ ಎಂದು ಅಕ್ಕ ಅನ್ನುತ್ತಿದ್ದಳೇನೋ. ಇಲ್ಲ, ಇದಕ್ಕಿಂತ ಚೆನ್ನಾಗಿ ಅನ್ನುತ್ತಿದ್ದಳು.

ಇವತ್ತು ಪಟ್ಟಿ ಕಟ್ಟಲಿಲ್ಲ. ಬೇಕೆಂದೇ.

ಡಿಪೋ ತಿರುವಿನಲ್ಲಿ ಜೋರಾಗಿ ತಿರುಗಿಸಿದೆ. ಏನೂ ಇಲ್ಲ. ಮುಂದೆ ಹೋಗಿ, ಸುತ್ತಿಕೊಂಡು ಬಂದು ಮತ್ತೆ ತಿರುಗಿಸಿದೆ, ಇನ್ನೂ ಜೋರಾಗಿ. ಹಿಂದಿನ ಕಾರಿನವನು ಹಾರ್ನ್ ಹೊಡೆದು ಬೈದ. ಬೈಯಲಿ. ಮೂರನೆಯ ಸಲ ಬ್ರೇಕನ್ನೂ ಒತ್ತಿದೆ. ಪಕ್ಕದ ಸೀಟಿನ ಮೇಲಿದ್ದ ನನ್ನ ಚೀಲ ಕೆಳಗೆ ಬಿತ್ತು. ನನ್ನ ಕನ್ನಡಕ ಜಾರಿತು. ಹಿಂದೆ ಭಾವ ಇಟ್ಟಲ್ಲೇ. ಕೂದಲೆಳೆಯಷ್ಟೂ ಅಲುಗಿಲ್ಲ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಹತ್ತು ವರ್ಷ ಹೀಗೇ ಇರುತ್ತದೆ.

ಚಾಪೆಯಾಗಿದ್ದರೆ ದಾರಿಯಲ್ಲೇ ನಿಲ್ಲಿಸಿ ಸುತ್ತಿ ತೆಗೆದಿಡುತ್ತಿದ್ದೆ. ಬರೀ ತಗಡಿನ ಮೇಲೆ ಒಂದು ಸಲ, ಡಿಪೋ ತಿರುವಿನಲ್ಲಿ ಒಂದೇ ಒಂದು ಸಲ ಆ ಧಡ್—

ಬಾಗಿಲು ತೆಗೆದರು. ಕೈ ಮಾಡುತ್ತಿದ್ದಾರೆ. ಇಳಿಸಬೇಕು, ಮೊದಲು ಹಲಗೆ