ಆಣೆಯಿಲ್ಲದ ಭಾನುವಾರ

ಬಸರೀಕಟ್ಟೆ
೨೦-೧-೧೯೮೬

ಚಿ. ಸೌ. ಜಲಜಾಕ್ಷಿಗೆ ನಿನ್ನ ಅಮ್ಮ ಗುಡ್ಡಮ್ಮ ತಲೆ ಸವರಿ ಹೇಳುವುದೇನೆಂದರೆ, ನಾವಿಬ್ಬರೂ ಚೆನ್ನಾಗಿದ್ದೇವೆ. ಪ್ರತಿ ಕಾಗದದಲ್ಲೂ ಇದನ್ನೇ ಬರೆಸುತ್ತಿದ್ದೆ, ಆದರೆ ಈ ಸಲ ನಿಜ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಅಪ್ಪ ಕುಡಿದು ಬೀಳುವ ಮನೆಯಲ್ಲಿ ನನ್ನ ಮಗು ಕಣ್ಣು ಬಿಡುವುದು ಬೇಡ, ಶೃಂಗೇರಿಯಲ್ಲಿ ಅತ್ತೆಯ ಹತ್ತಿರವೇ ಇರುತ್ತೇನೆ ಎಂದು ಅಳಿಯಂದಿರ ಕೈಲಿ ಹೇಳಿ ಕಳಿಸಿದೆಯಲ್ಲ, ಅವತ್ತು ನಾನು ಊಟ ಮಾಡಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ನೀನು ಹೇಳಿದ್ದು ಸರಿ ಅಂತ ಇನ್ನೂ ಸಿಟ್ಟು ಬಂತು. ಆಮೇಲೆ ಏನೇನಾಯಿತು ಅಂತ ಪೂರ್ತಿ ಹೇಳುತ್ತೇನೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಕೊಪ್ಪದಲ್ಲಿ ಗಡಿಯಾರ ರಿಪೇರಿ ಮಾಡುವ ರಜಾಕ್ ಗೊತ್ತಲ್ಲ? ಎಸ್ಟೇಟಿನ ಗೋಡೆ ಗಡಿಯಾರ ರಿಪೇರಿಗೆ ಕೊಡಲು ನಿಮ್ಮಪ್ಪ ಅವರ ಅಂಗಡಿಗೆ ಹೋಗಿದ್ದರು. ಬಾಯಿ ಗಮಗಮ ಅನ್ನುತ್ತಿತ್ತು ಅಂತ ಬೇರೆ ಹೇಳಬೇಕೆ? ರಜಾಕ್ ಬೈಯಲಿಲ್ಲವಂತೆ. ತಾನೂ ಕದ್ದು ಕುಡಿಯುತ್ತಿದ್ದೆ, ಕೈ ನಡುಗಿ ಚಿಮ್ಮಟದಲ್ಲಿ ಒಂದು ಮುಳ್ಳು ಹಿಡಿಯಲಾಗುತ್ತಿರಲಿಲ್ಲ ಅಂದರಂತೆ. ನರಸಿಂಹರಾಜಪುರದಲ್ಲಿ ಕ್ರೈಸ್ತರ ಇಗರ್ಜಿ ಶಾಲೆಯ ಕೋಣೆಯಲ್ಲಿ ಭಾನುವಾರ ಭಾನುವಾರ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುತ್ತಾರಂತೆ. ನೀನೂ ಬಾ ಮಾರಾಯ ಅಂತ ಕರೆದರಂತೆ.

ನಾನು ಅಂದುಕೊಂಡದ್ದು, ಇದೂ ಒಂದು ಆಣೆ ಹಾಕಿಸುವ ಜಾಗ ಅಂತ. ನಮ್ಮ ಚೌಡಮ್ಮನ ಮುಂದೆ ಕಾಯಿ ಮುಟ್ಟಿ ಎರಡು ಸಲ ಆಣೆ ಮಾಡಿದ್ದರಲ್ಲ? ಮಾಡುವುದು, ಮುರಿಯುವುದು. ಮುರಿದ ಮೇಲೆ ಚೌಡಿ ಬಿಡುವುದಿಲ್ಲ ಅಂತ ಹೆದರಿಕೆ. ಆ ಹೆದರಿಕೆಗೆ ಮತ್ತಷ್ಟು ಕುಡಿಯುವುದು. ಈ ಊರಿನ ಆಣೆ ಹಿಡಿಯಲಿಲ್ಲ, ಪರವೂರಿನದಾದರೂ ಹಿಡಿಯಲಿ ಎಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಕುಂಕುಮ ಎಲ್ಲ ಚೀಲಕ್ಕೆ ತುಂಬಿಕೊಂಡು ನಾನೂ ಬಸ್ ಹತ್ತಿದೆ.

ಅಲ್ಲಿ ನೋಡಿದರೆ ಮಕ್ಕಳ ಬೆಂಚು, ಒಂದು ಕರಿ ಹಲಗೆ, ಚಹಾ ಕುಡಿಯುತ್ತಾ ಕೂತ ಗಂಡಸರು. ಕಾಯಿ ಎಲ್ಲಿಡಲಿ, ಆಣೆ ಯಾರು ಹಾಕಿಸುತ್ತಾರೆ ಅಂತ ಕೇಳಿದೆ. ಯಾರೂ ನಗಲಿಲ್ಲ. ಮರುಳಸಿದ್ದಪ್ಪ ಅಂತ ಒಬ್ಬರು, ಮುಂಚೆ ಫಾರೆಸ್ಟ್ ಗಾರ್ಡ್ ಆಗಿದ್ದವರು, ಎದ್ದು ಬಂದು, "ಆಣೆ ಇಲ್ಲಿ ಇಲ್ಲ ಅಮ್ಮ. ಇವತ್ತೊಂದು ದಿನ ಕುಡೀದೆ ಇದ್ರೆ ಸಾಕು," ಅಂದರು.

ನನಗೆ ಮೈ ಉರಿದುಹೋಯಿತು. ಒಂದು ದಿನಕ್ಕೆ ಇಷ್ಟು ದೂರ ಬರಬೇಕಿತ್ತೇ, ಜ್ವರ ಬಂದಾಗ ನಿಮ್ಮಪ್ಪ ಮೂರು ದಿನ ಬಿಟ್ಟಿದ್ದರು ಅಂತ ಅಲ್ಲೇ ಜಾಡಿಸಿದೆ. ಮರುಳಸಿದ್ದಪ್ಪ ಎಲ್ಲ ಕೇಳಿಸಿಕೊಂಡು ಇನ್ನೊಂದು ಲೋಟ ಚಹಾ ಕೊಟ್ಟರು. ಕೊನೆಗೆ ರಜಾಕ್ ಆ ಕಾಯಿಯನ್ನು ಮೆಟ್ಟಿಲಿಗೆ ಹೊಡೆದರು, ಎಲ್ಲರೂ ಬೆಲ್ಲದ ಜೊತೆ ತಿಂದರು.

ಆದರೂ ನಿಮ್ಮಪ್ಪ ಹೋಗುವುದು ಬಿಡಲಿಲ್ಲ. ಕೆಲವು ವಾರ ಸುಮ್ಮನೆ ಕೂತು ಬಂದರು. ನಾನೂ ಜೊತೆಗೆ ಹೋಗಿದ್ದ ಒಂದು ಭಾನುವಾರ ಎದ್ದು ನಿಂತು ಹೆಸರು ಹೇಳಿ, "ನಾನು ಕುಡುಕ. ಮಗಳ ಧಾರೆ ಎರೆಯೋಕೆ ನಂಗೆ ನಿಲ್ಲೋಕಾಗ್ಲಿಲ್ಲ, ಭಾವ ಎರೆದ. ನಾನು ಪಾತ್ರೆ ಕೋಣೇಲಿ ಬಿದ್ದಿದ್ದೆ," ಅಂದರು. ಜಲಜಾ, ಊರೆಲ್ಲ ಅವರನ್ನು ಕುಡುಕ ಅಂದದ್ದು ಕೇಳಿದ್ದೇನೆ, ನಾನೂ ಅಂದಿದ್ದೇನೆ. ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಮುಚ್ಚಿಡುವುದಿಲ್ಲ. ದೀಪಾವಳಿಯಲ್ಲಿ ಕಮ್ಮರಡಿಗೆ ಹೋದವರು ಮತ್ತೆ ಕುಡಿದು ಬಂದರು. ಮುಗಿಯಿತು, ಇನ್ನು ಆಣೆ ಮುರಿದಾಗಿನ ಹಾಗೆ ಪಾಪ ಬಂತು ಅಂತ ಹೆದರಿ ಕುಡಿಯುತ್ತಲೇ ಇರುತ್ತಾರೆ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ರಜಾಕ್ ಬಂದು ಜಗಲಿಯಲ್ಲಿ ಕೂತರು. ಮುಖ ತೋರಿಸಲಾರೆ ಅಂತ ಒಳಗಿನಿಂದಲೇ ನಿಮ್ಮಪ್ಪ ಅಂದರು. ರಜಾಕ್ ಗಲಾಟೆ ಮಾಡಲಿಲ್ಲ. "ನೀನು ಆಣೆಯೇ ಹಾಕಿಲ್ಲವಲ್ಲ ಮಾರಾಯ, ಮುರಿಯೋಕೆ ಎಂತ ಇದೆ? ಅಂಗಿ ಹಾಕು, ಬಸ್ ಬತ್ತದೆ," ಅಂದರು. ನಿಮ್ಮಪ್ಪ ಅಂಗಿ ಹಾಕಿದರು! ಆಣೆ ಇಲ್ಲ ಅಂದದ್ದಕ್ಕೆ ಜಾಡಿಸಿದ್ದೆನಲ್ಲ, ಅದು ಎಂತಹ ಮಾತು ಅಂತ ಅವತ್ತು ತಿಳಿಯಿತು.

ಅಲ್ಲಿಂದ ಈಚೆಗೆ ಮುಟ್ಟಿಲ್ಲ. ಈಗ ಸಂಜೆ ಬಾಗಿಲು ಸದ್ದಾದರೆ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ. ರಾತ್ರಿ ನಿದ್ದೆ ಬರುತ್ತದೆ ಕೂಸೆ. ಹಾಯಾಗಿದೆ, ಹೇಳಿದರೆ ದೃಷ್ಟಿಯಾದೀತೋ ಅಂತ ಯಾರಿಗೂ ಹೇಳಿಲ್ಲ. ಬಾಣಂತಿ ಕೋಣೆಗೆ ಸುಣ್ಣ ಹೊಡೆದಾಗಿದೆ. ಒಳ್ಳೆ ದಿನ ನೋಡಿ ಕರೆಯಲು ಬರಲೇ?

ನಿನ್ನ ದಾರಿ ನೋಡುವ,
ಅಮ್ಮ

ಮರೆತ ಮಾತು: ಜಲಜಾ, ಇದನ್ನು ಬರೆದದ್ದು ನಾನು. ಅಕ್ಷರ ನೋಡಿ ನಿನಗೆ ಮೊದಲೇ ಗೊತ್ತಾಗಿರುತ್ತದೆ. ಯಾವತ್ತಿನ ಹಾಗೆ ಶಾಲೆ ಮೇಷ್ಟ್ರ ಹತ್ತಿರ ಬರೆಸು ಅಂದೆ, ನಿನ್ನ ಅಮ್ಮ ಕೇಳಲಿಲ್ಲ, ನೀವೇ ಬರೀರಿ ಅಂತ ಎದುರಿಗೆ ಕೂತಳು. ಧಾರೆಯ ವಿಷಯ ಬಂದಾಗ ಪೆನ್ನು ಕೆಳಗಿಟ್ಟೆ. "ಬರೀರಿ," ಅಂದಳು. ಬರೆದೆ. ಒಂದು ಮಾತೂ ಬಿಟ್ಟಿಲ್ಲ. ಇವತ್ತು ಕುಡಿದಿಲ್ಲ. ನಾಳೆಯದು ಹೇಳಲಾರೆ ಮಗಾ, ಆದರೂ ನೀನು ಬರುವುದಾದರೆ ಕರೆಯಲು ನಾನೇ ಬರುತ್ತೇನೆ.
ಅಪ್ಪ