ಬೆಂಚಿನ ಕೆಳಗಿನ ಬಿಸ್ಕತ್ತು

ಅಪ್ಪಾ,

"ಈ ನಾಯಿಗಿರೋ ನಿಯತ್ತು ನನ್ನ ಮಗನಿಗಿಲ್ಲ. ಶಾಲೆ ಬಿಟ್ಟ, ಮನೇನೂ ಬಿಟ್ರೆ ಪೀಡೆ ತೊಲಗುತ್ತೆ" ಅಂತ ನಿನ್ನೆ ಪಾರ್ಕಿನಲ್ಲಿ ನಿನ್ನ ಗೆಳೆಯರ ಮುಂದೆ ಅಂದೆ. ಟೈಲರ್ ಮಾವ ನಕ್ಕರು. ನಿನ್ನ ಕನ್ನಡಕ ರಿಪೇರಿ ಮಾಡಿಸಿ ತಂದವನು ಗ್ರೀಸ್ ಕೈಯಲ್ಲೇ ನಿಂತಿದ್ದೆ. ಸರಿ, ಬಿಟ್ಟೆ. ಇನ್ನು ಕೆಲಸ ಮಾಡುವ ಗ್ಯಾರೇಜಿನಲ್ಲೇ ಮಲಗುತ್ತೇನೆ.

ಗುಂಡನನ್ನು ಮರಿಯಾಗಿದ್ದಾಗ ತಂದವನು ನಾನು. ಆದರೂ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಅವನಿಲ್ಲದಿದ್ದರೆ ನೀನು ಮತ್ತೆ ಆ ಕುರ್ಚಿಗೆ ಅಂಟಿಕೊಂಡೇ ಸಾಯುತ್ತೀಯ. ಎದೆನೋವಾದ ಮೇಲೆ ದಿನಾ ನಡೆಯಿರಿ ಅಂತ ಡಾಕ್ಟರು ಬಡಕೊಂಡರೂ ನೀನು ಗೇಟು ದಾಟಲಿಲ್ಲ. ಅಮ್ಮ ಹೋದಮೇಲೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈಗ ಅವನ ಹಿಂದೆ ದಿನಾ ಪಾರ್ಕಿಗೆ ನಡೆದು ಬಿ.ಪಿ. ಇಳಿದಿದೆ, ಅಲ್ಲಿ ಹರಟೆಗೆ ಜನ ಕಾಯುತ್ತಾರೆ.

"ಗುಂಡನೇ ನನ್ನ ಎಳ್ಕೊಂಡು ಬರ್ತಾನೆ" ಅಂತ ಅವರ ಹತ್ತಿರ ಕೊಚ್ಚಿಕೊಳ್ಳುತ್ತೀಯಲ್ಲ, ನಿನ್ನ ಮುಖ ನೋಡಿ ಎಳೆಯುತ್ತಾನಾ? ದಿನಾ ಕೆಲಸಕ್ಕೆ ಹೋಗುವಾಗ ಪಾರ್ಕಿನಲ್ಲಿ ನೀವು ಕೂರುವ ಆ ಕಲ್ಲುಬೆಂಚಿನ ಕೆಳಗೆ, ಕಾಗೆ ಕಣ್ಣಿಗೆ ಬೀಳದ ಹಾಗೆ, ನಾನು ಬಿಸ್ಕತ್ತು ಇಟ್ಟು ಹೋಗುತ್ತಿದ್ದೆ.

ಇವತ್ತಿನದು ಇಟ್ಟಿರುತ್ತೇನೆ. ನಾಳೆಯಿಂದ ನೀನೇ ಜೇಬಿನಲ್ಲಿ ಒಯ್ದು ಅಲ್ಲೇ ಕೊಡು. ಡಬ್ಬ ಮಿಕ್ಸಿಯ ಹಿಂದಿದೆ. ಮನೆಯಲ್ಲಿ ಮಾತ್ರ ಕೊಡಬೇಡ. ಕೊಟ್ಟರೆ ಅವನು ಹೊರಗೆ ಕಾಲಿಡುವುದಿಲ್ಲ, ಅವನು ಇಡದಿದ್ದರೆ ನೀನೂ ಇಡುವುದಿಲ್ಲ.

ನಿನ್ನ ಮಾತ್ರೆ ತಿಂಡಿ ಆದಮೇಲೆ, ಮುಂಚೆ ಅಲ್ಲ.

ಬಚ್ಚಲಿನಿಂದ ಕೂಗುತ್ತಿದ್ದೀಯ, "ಲೋ, ಟೀ ಕುಡಿದ್ಯೇನೋ?" ಅಂತ. ಕೇಳಿಸಿತು. ಈ ಚೀಟಿ ನಿನ್ನ ಕನ್ನಡಕದ ಕೆಳಗಿಟ್ಟು ಹೋಗುತ್ತಿದ್ದೇನೆ.