ಗ್ಲಾಸಿನಲ್ಲಿ ನೀರು ಕಾಣದಿದ್ದರೆ

೨೬ ಫೆಬ್ರುವರಿ ೧೯೧೨, ಸೋಮವಾರ

ಐದೂವರೆಗೆ ಬಾಯ್ಲರಿಗೆ ಬೆಂಕಿ ಹಚ್ಚಿದೆ. ಎಂಟಕ್ಕೆ ಉಗಿ ಎದ್ದಿತು. ಫ್ಯಾಕ್ಟರಿಯ ಭೋಂಗಾ ಕೂಗಿತು, ಹತ್ತಿಯ ಬೀಜ ಬಿಡಿಸುವ ಜಿನ್ ಶುರುವಾಯಿತು. ದೊಡವಾಡದ ಕಡೆಯಿಂದ ಬಂದ ಹತ್ತಿಗಾಡಿಗಳು ರಸ್ತೆಯುದ್ದ ನಿಂತಿವೆ. ನನ್ನ ಹೆಂಡತಿ ಇಂದ್ರವ್ವ ಜಿನ್ನಿಗೆ ಹತ್ತಿ ಉಣಿಸುವ ಹೆಂಗಸರ ಸಾಲಿನಲ್ಲಿ. ಅವಳಿಗೂ ಬಾಯ್ಲರಿಗೂ ನಡುವೆ ಒಂದೇ ಗೋಡೆ.

ದಿನಾ ನಾಲ್ಕು ಸಾಲು ಬರೆ ಎಂದು ಬಸಯ್ಯ ಮಾಸ್ತರರು ಹೇಳಿದ್ದಾರೆ. ಕೈ ತಿರುಗಬೇಕಂತೆ. ಬರೆದದ್ದನ್ನು ತೋರಿಸಬೇಕಾಗಿಲ್ಲ. ಒಳ್ಳೆಯದೇ ಆಯಿತು.

ಲಕ್ಕಪ್ಪ ಕಾಕಾನಿಗೆ ಕಣ್ಣು ಕಾಣುತ್ತಿಲ್ಲ.

ಈ ಫ್ಯಾಕ್ಟರಿಯಲ್ಲಿ ಬಾಯ್ಲರ್ ನಡೆಸುವ ಸರ್ಟಿಫಿಕೇಟ್ ಇರುವುದು ಅವರೊಬ್ಬರಿಗೇ. ನಾನು ಅವರ ಕೈಕೆಳಗೆ ಒಂಬತ್ತು ವರ್ಷದಿಂದ ಇದ್ದೇನೆ. ಬಾಯ್ಲರಿನ ಮುಖಕ್ಕೆ ಒಂದು ಗಾಜಿನ ನಳಿಗೆ ಇದೆ, ಗ್ಲಾಸು ಎನ್ನುತ್ತೇವೆ, ಒಳಗೆ ನೀರೆಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ಹದಿನೈದು ದಿನದಿಂದ ಕಾಕಾ "ನೀರ ಎಷ್ಟ ಐತಿ?" ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ಕಲಿಸಲು ಎಂದುಕೊಂಡಿದ್ದೆ. ಇವತ್ತು ಬೇಕೆಂದೇ ತಪ್ಪು ಹೇಳಿದೆ. ಮುಕ್ಕಾಲು ಇತ್ತು, ಕಾಲು ಎಂದೆ. ಕಾಕಾ ಗ್ಲಾಸಿನ ಮುಂದೆಯೇ ನಿಂತವರು ಪಂಪು ಬಿಡಲು ಕೈ ಚಾಚಿದರು.

"ಕಾಕಾ... ಮುಕ್ಕಾಲ ಐತಿ."

ಕೈ ಅಲ್ಲೇ ನಿಂತಿತು.

"ಯಾರ ಮುಂದೂ ಆಡಬ್ಯಾಡ, ಭರಮಾ. ಈ ಸೀಜನ್ ಒಂದ ದಾಟ್ಲಿ."

೩ ಮಾರ್ಚ್, ರವಿವಾರ

ಮುಂಜಾನೆ ಸಾಲಿಯಲ್ಲಿ ಪಾಠ. ಸರಕಾರಿ ಸರ್ಟಿಫಿಕೇಟಿನ ಪರೀಕ್ಷೆಗೆ ಕೂಡುವ ದುಡಿಯುವ ಮಂದಿಗೆಂದು ಮಾಸ್ತರರು ರವಿವಾರದ ರಜೆ ಬಿಟ್ಟುಕೊಟ್ಟಿದ್ದಾರೆ. ನಾವು ಐದು ಜನ. ಟಪಾಲು ಹೊರುವವನು, ರಸ್ತೆ ಕೆಲಸದ ಇಬ್ಬರು, ಮುರಗೋಡದಿಂದ ನಡೆದು ಬರುವ ಕಚೇರಿಯ ಪಟ್ಟೇವಾಲ, ಬಾಯ್ಲರ್ ಪರೀಕ್ಷೆಗೆ ನಾನು. ಎಲ್ಲರದೂ ಮೀಸೆ ನರೆಯುವ ವಯಸ್ಸು. ಮಕ್ಕಳ ಮಣೆಯ ಮೇಲೆ ಮೊಣಕಾಲು ಎದೆಗೆ ಹತ್ತುತ್ತದೆ.

ಮಾಸ್ತರರು ಇಂಗ್ಲಿಷ್ ಪುಸ್ತಕ ನೋಡಿ ಕನ್ನಡದಲ್ಲಿ ಬರೆಸುತ್ತಾರೆ. ಅವರಿಗೆ ಬಾಯ್ಲರ್ ಗೊತ್ತಿಲ್ಲ, ನನಗೆ ಇಂಗ್ಲಿಷ್ ಅಕ್ಷರ ಗೊತ್ತಿಲ್ಲ.

"ಭರಮಪ್ಪ, ಇಲ್ಲೊಂದು ಪ್ಲಗ್ ಅಂತ ಬಂದೈತಿ. ನೀರು ಕಡಿಮಿ ಆದ್ರ ಕರಗತೈತಂತ. ಏನದು?"

"ಸೀಸದ ಬಿರಡಿರಿ. ಅದು ಕರಗಿ ಉಗಿ ಬೆಂಕಿ ಮ್ಯಾಲೆ ಬೀಳತೈತಿ, ಬೆಂಕಿ ನಂದತೈತಿ."

"ಕರಗಲಿಲ್ಲಂದ್ರ?"

"ಹೇಳಾಕ ಯಾರೂ ಉಳಿಯೂದಿಲ್ರಿ."

ಮಾಸ್ತರರು ಪುಸ್ತಕ ಮುಚ್ಚಿ ನನ್ನ ಮುಖವನ್ನೇ ನೋಡಿದರು. ಹೋದ ವರ್ಷ ಪರೀಕ್ಷೆಯಲ್ಲಿ ಇದನ್ನೇ ಸಾಹೇಬರು ಕೇಳಿದ್ದರು. ಆಗ ನಾಲಿಗೆ ಏಳಲಿಲ್ಲ. ಫೇಲ್.

೧೯ ಮಾರ್ಚ್

ಫ್ಯಾಕ್ಟರಿಯ ಸಾವಕಾರರ ಬಳಿ ಹೋಗಿದ್ದೆ. ಪರೀಕ್ಷೆಯ ಫಾರ್ಮಿಗೆ ಅವರದೂ ಸಹಿ ಬೇಕು. ಮೂರನೇ ಸಲ ಹೋದದ್ದು.

ಮಡಿವಾಳೆಪ್ಪ ಸಾವಕಾರರು ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಜಗ್ಗಿ ನೋಡುತ್ತ ಕುಳಿತಿದ್ದರು. "ಸರ್ಟಿಫಿಕೇಟ್ ಬಂತಂದ್ರ ನೀ ಗದಗಿನ ಫ್ಯಾಕ್ಟರಿಗೆ ಓಡತಿ. ನಾ ಯಾಕ ಸಹಿ ಮಾಡ್ಲಿ?"

"ಎಲ್ಲೂ ಹೋಗೂದಿಲ್ರಿ."

"ಆಣಿ ಮಾಡು."

ಮಾಡಿದೆ. ಸಹಿ ಮಾಡಿದರು. ಕಾಗದವನ್ನು ನೆಲದ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. "ಈ ಸಲಾನೂ ಫೇಲ್ ಆದಿ ಅಂದ್ರ ಮುಂದ ರಜಾ ಕೇಳಬ್ಯಾಡ. ಕಟ್ಟಿಗಿ ಹೊರಕೋತ ಇರು."

ಜೂನ್‌ನಲ್ಲಿ ಬಾಯ್ಲರ್ ತಪಾಸಣೆಗೆ ಸರಕಾರದ ಸಾಹೇಬರು ಬರುತ್ತಾರೆ. ಒಂದು ನೋಟ ಸಾಕು, ಕಾಕಾನ ಕಣ್ಣು ಗೊತ್ತಾಗುತ್ತದೆ. ಅಷ್ಟರೊಳಗೆ ನಾನು ಪಾಸಾಗಬೇಕು. ಪಾಸಾದರೆ ಕಾಕಾ ಮರ್ಯಾದೆಯಿಂದ ಮನೆಗೆ ಹೋಗಬಹುದು. ಆಗದಿದ್ದರೆ ಇಬ್ಬರೂ ಬೀದಿಗೆ.

೨೦ ಮಾರ್ಚ್

ಕಾಕಾ ಫಾರ್ಮಿಗೆ ಸಹಿ ಮಾಡಿದರು. ಬೆರಳು ಹಿಡಿದು ಸಾಲಿನ ಮೇಲೆ ನಾನೇ ಇಟ್ಟೆ. 'ಇವನ ಕೆಲಸ ಕಣ್ಣಾರೆ ಕಂಡಿದ್ದೇನೆ' ಎಂದು ಅಚ್ಚಾದ ಮಾತಿನ ಕೆಳಗೆ.

೧೩ ಏಪ್ರಿಲ್, ಶನಿವಾರ

ಮೂರು ವಾರಕ್ಕೂ ಹೆಚ್ಚು ಬರೆಯಲಾಗಲಿಲ್ಲ. ಹತ್ತಿ ಸುರಿಯುತ್ತಿದೆ. ಪಂಪಿನೊಳಗೆ ಹತ್ತಿಯ ನಾರು ಸಿಕ್ಕಿ ಎರಡು ಸಲ ನೀರು ನಿಂತಿತು. ಎರಡು ಸಲವೂ ಗ್ಲಾಸು ನೋಡಿ ನಾನು ಕೂಗಿದೆ.

ನಾಳೆ ಹೊರಡಬೇಕು. ಧಾರವಾಡದ ತನಕ ಗಾಡಿ, ಅಲ್ಲಿಂದ ಹುಬ್ಬಳ್ಳಿಗೆ ರೈಲು. ಮಂಗಳವಾರ ಪರೀಕ್ಷೆ. ನಾಲ್ಕು ದಿನ ನಾನಿರುವುದಿಲ್ಲ. ಬೆಂಕಿಗೆ ಕಟ್ಟಿಗೆ ಹೊರುವ ದುರ್ಗಪ್ಪ ಇರುತ್ತಾನೆ.

"ದುರ್ಗಪ್ಪಗ ಹೇಳ್ರಿ, ಕಾಕಾ. ಕಟ್ಟಿಗಿ ತಂದಾಗೊಮ್ಮೆ ಗ್ಲಾಸ ನೋಡಿ ಹೇಳ್ಲಿ."

"ದುರ್ಗಪ್ಪಗ ಹೇಳಿದ್ರ ಸಂಜಿಗೆ ಸಾವಕಾರನ ಕಿವಿಗೆ ಬೀಳತೈತಿ. ನಾನು ಕಿವಿಲೆ ನಡಸತೇನಿ. ನೀರ ಇಳದ್ರ ಬಾಯ್ಲರಿನ ದನಿ ಬ್ಯಾರೆ ಆಗತೈತಿ. ನೀ ಹೋಗಿ ಬಾ."

ಹೋಗದೆ ಇರಬಹುದು. ಸಾವಕಾರರಿಗೆ ಹೇಳಬಹುದು. ಹೇಳಿದರೆ ಕಾಕಾ ಈಗಲೇ ಮನೆಗೆ, ಅವರ ಸಹಿ ಸುಳ್ಳು, ನನ್ನ ಫಾರ್ಮ್ ರದ್ದು.

ಇಂದ್ರವ್ವ ದಾರಿಗೆಂದು ರೊಟ್ಟಿ ಬಡಿಯುತ್ತಿದ್ದಾಳೆ. ಅವಳಿಗೆ ಹೇಳಲು ಎರಡು ಸಲ ಒಲೆಯ ತನಕ ಹೋದೆ. ಹೇಳಿದರೆ ಹೋಗಗೊಡುವುದಿಲ್ಲ. ಹೇಳಲಿಲ್ಲ.

೧೬ ಏಪ್ರಿಲ್, ಹುಬ್ಬಳ್ಳಿ

ಪರೀಕ್ಷೆ ಮುಗಿಯಿತು.

ಸಾಹೇಬರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕಾರಕೂನ ಕನ್ನಡದಲ್ಲಿ ಹೇಳುತ್ತಾನೆ. ವಾಲ್ವ್, ಬಿರಡೆ, ಪಂಪು, ಎಲ್ಲ ಹೇಳಿದೆ. ನಾಲಿಗೆ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ — "ಗ್ಲಾಸಿನಲ್ಲಿ ನೀರು ಕಾಣದಿದ್ದರೆ ಏನು ಮಾಡುತ್ತೀ?"

"ಬೆಂಕಿ ಹೊರಗ ಎಳೀತೇನ್ರಿ. ನೀರ ಬಿಡೂದಿಲ್ಲ. ಕಾದ ತಗಡಿಗೆ ನೀರ ಬಿದ್ರ ಬಾಯ್ಲರ್ ಒಡೀತೈತಿ."

ಸಾಹೇಬರು ತಲೆಯಾಡಿಸಿದರು. ಬರೆದುಕೊಂಡರು. ಎದ್ದು ಹೊರಟಿದ್ದೆ. ಆಗ ಕಾರಕೂನ — "ಈಗ ನಿನ್ನ ಬಾಯ್ಲರಿನ ಮುಂದೆ ಯಾರಿದ್ದಾರೆ ಅಂತ ಕೇಳ್ತಾರೆ."

"ಸರ್ಟಿಫಿಕೇಟಿನವರು ಅದಾರ್ರಿ. ಮೂವತ್ತ ವರ್ಷ ಆತು ಅವರು ಈ ಕೆಲಸ ಮಾಡಾಕ ಹತ್ತಿ."

ಒಂದು ಅಕ್ಷರವೂ ಸುಳ್ಳಲ್ಲ.

ಹೊರಗೆ ಬಂದು ಬೇವಿನ ಬುಡದಲ್ಲಿ ಇಂದ್ರವ್ವನ ರೊಟ್ಟಿಯ ಗಂಟು ಬಿಚ್ಚಿ, ತಿನ್ನದೆ ಮತ್ತೆ ಕಟ್ಟಿದೆ.

೧೮ ಏಪ್ರಿಲ್, ಗುರುವಾರ

ಊರು ಮುಟ್ಟುವ ಮೊದಲೇ ಗೊತ್ತಾಯಿತು. ಚಿಮಣಿಯಲ್ಲಿ ಹೊಗೆ ಇಲ್ಲ. ಗಾಡಿಯಿಂದ ಜಿಗಿದು ಓಡಿದೆ. ಇಂದ್ರವ್ವ, ಇಂದ್ರವ್ವ ಎಂದು ಬಾಯಿಗೆ ಬರುತ್ತಿತ್ತು.

ಅವಳು ಗೇಟಿನ ಹೊರಗೆ ಹೆಂಗಸರ ಜೊತೆ ಕುಳಿತಿದ್ದಳು. ಮೈಗೆ ಏನೂ ಆಗಿರಲಿಲ್ಲ. ಒಡೆದಿಲ್ಲ. ಬಾಯ್ಲರ್ ಒಡೆದಿಲ್ಲ.

ದುರ್ಗಪ್ಪ ಹೇಳಿದ. ಸೋಮವಾರ ಮಧ್ಯಾಹ್ನ ಅವನು ಕಟ್ಟಿಗೆ ತರಲು ಹೋಗಿದ್ದಾಗ ಕಾಕಾ ಒಬ್ಬರೇ ಉರಿಯುವ ಬೆಂಕಿಯನ್ನು ಹೊರಗೆ ಎಳೆದು ಹಾಕಿದ್ದಾರೆ. ಎಳೆಯುತ್ತ ಎಳೆಯುತ್ತ ಕೆಂಡದ ರಾಶಿಯೊಳಗೇ ಕಾಲಿಟ್ಟಿದ್ದಾರೆ. ಮೊಣಕಾಲಿನವರೆಗೆ ಸುಟ್ಟಿದೆ. ಬಾಯ್ಲರ್ ಆರಿದ ಮೇಲೆ ನೋಡಿದರೆ ಪಂಪಿನಲ್ಲಿ ನಾರು ಕಟ್ಟಿಕೊಂಡಿತ್ತು, ಗ್ಲಾಸಿನಲ್ಲಿ ನೀರಿರಲಿಲ್ಲ. ಇನ್ನರ್ಧ ತಾಸು ತಡವಾಗಿದ್ದರೆ ಗೋಡೆಯಾಚೆ ಎಂಬತ್ತು ಹೆಂಗಸರು.

ದವಾಖಾನೆಗೆ ಹೋದೆ. ಕಾಕಾ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದರು.

"ಏನ ಕೇಳಿದ್ರು?"

"ಗ್ಲಾಸಿನ್ಯಾಗ ನೀರ ಕಾಣಲಿಲ್ಲಂದ್ರ ಏನ ಮಾಡತಿ ಅಂದ್ರು."

"ನೀ ಏನಂದಿ?"

"ಬೆಂಕಿ ಎಳೀತೇನಿ ಅಂದೆ."

ನಗಲು ನೋಡಿದರು. "ನನಗ ಯಾವಾಗಲೂ ಕಾಣೂದಿಲ್ಲಲ್ಲೋ. ದನಿ ಬ್ಯಾರೆ ಆತು. ಖರೇನೋ ಸುಳ್ಳೋ ತಿಳೀಲಿಲ್ಲ. ಅದಕ್ಕ ಎಳದ ಬಿಟ್ಟೆ."

ನಾನು ಸಾಹೇಬರಿಗೆ ಕೊಟ್ಟ ಇನ್ನೊಂದು ಉತ್ತರದ ಬಗ್ಗೆ ಕಾಕಾ ಕೇಳಲಿಲ್ಲ. ನಾನು ಹೇಳಲಿಲ್ಲ.

೨೩ ಏಪ್ರಿಲ್

ಕಾಲು ಕೊಳೆಯುತ್ತಿದೆ. ವಾಸನೆ. ಕತ್ತರಿಸಬೇಕು ಎಂದರು ಡಾಕ್ಟರು. ಕಾಕಾ ಬೇಡ ಎಂದರು.

೨೫ ಏಪ್ರಿಲ್

ಜ್ವರ. ನನ್ನನ್ನು ಗುರುತಿಸಲಿಲ್ಲ. "ನೀರ ಎಷ್ಟ ಐತಿ?" ಎಂದು ಕೇಳುತ್ತಲೇ ಇದ್ದರು. ಅರ್ಧ ಐತಿ, ಕಾಕಾ. ಅರ್ಧ ಐತಿ. ಮಧ್ಯಾಹ್ನವೆಲ್ಲ ಇದನ್ನೇ ಹೇಳಿದೆ.

೨೯ ಏಪ್ರಿಲ್

ಹೋದರು. ಮುಂಜಾನೆ.

೧೧ ಮೇ, ಶನಿವಾರ

ಸರ್ಟಿಫಿಕೇಟ್ ಬಂದಿದೆ. ಸಾವಕಾರರು ಹುಬ್ಬಳ್ಳಿಗೆ ಆಳು ಕಳಿಸಿ ತರಿಸಿದರು. ಈ ಸಲ ಕೈಗೇ ಕೊಟ್ಟರು. "ಸೋಮವಾರ ಬೆಂಕಿ ಹಚ್ಚು. ಮಳಿ ಹಿಡಿಯೂದ್ರಾಗ ಉಳಿದ ಹತ್ತಿ ಮುಗೀಬೇಕು." ಬಸಯ್ಯ ಮಾಸ್ತರರು ಸಾಲಿ ಬಿಟ್ಟು ಓಡಿ ಬಂದು ಬೆನ್ನು ತಟ್ಟಿದರು. ಅವರ ಕಣ್ಣಲ್ಲಿ ನೀರು. ನಾನು ನೆಲ ನೋಡುತ್ತ ನಿಂತೆ. ಇಂಗ್ಲಿಷ್ ಅಕ್ಷರದಲ್ಲಿದ್ದ ನನ್ನ ಹೆಸರನ್ನು ನಾನೇ ಓದಿದೆ. ಪೂರ್ತಿ ಓದಲು ಬಂತು.

೧೨ ಮೇ, ರವಿವಾರ

ಊಟಕ್ಕೆ ಕುಳಿತಿದ್ದೆ. ಇಂದ್ರವ್ವ ಬುತ್ತಿಯ ಗಂಗಾಳ ತೊಳೆಯುತ್ತ ಕೇಳಿದಳು.

"ಒಂದ ಮಾತ ಕೇಳ್ಲೇನ್ರಿ? ಕೆಂಡ ಅಂದ್ರ ಕೆಂಪಗ ಉರೀತಿರತೈತಿ. ಅದರಾಗ ಕಾಕಾ ಹ್ಯಾಂಗ ಕಾಲಿಟ್ರು?"

ಹೇಳಿಬಿಟ್ಟೆ. ಫೆಬ್ರುವರಿಯಿಂದ ಎಲ್ಲ. ಕಣ್ಣು, ಸಹಿ, ಒಲೆಯ ತನಕ ಬಂದು ಹಿಂತಿರುಗಿದ್ದು, ಸಾಹೇಬರ ಕೊನೆಯ ಪ್ರಶ್ನೆ.

ಗಂಗಾಳ ಕೆಳಗಿಟ್ಟಳು.

"ಗ್ವಾಡಿ ಆಚಿ ನಾನೂ ಇದ್ದೆ," ಎಂದಳು. "ಅದು ಇರ್ಲಿ. ನನಗೊಂದ ಮಾತ ಹೇಳಿದ್ರ ಘಳಿಗಿಗೊಮ್ಮೆ ಬಂದ ಗ್ಲಾಸ ನೋಡಿ ಕಾಕಾಗ ಹೇಳತಿದ್ದೆ. ಒಂದ ಪಿಳ್ಳಿಗೂ ಗೊತ್ತಾಗತಿರಲಿಲ್ಲ. ನೀರ ನೋಡಾಕ ಸಾಲಿ ಕಲೀಬೇಕೇನ್ರಿ?"

ಎದ್ದು ಹೊರಗೆ ಹೋದಳು. ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾಳೆ. ನಾಳೆ ಐದೂವರೆಗೆ ನಾನು ಬೆಂಕಿ ಹಚ್ಚಬೇಕು. ಜಿನ್ನಿಗೆ ಅವಳು ಬರುತ್ತಾಳೋ, ಇಲ್ಲವೋ. ಕೇಳಬೇಕು. ಬಾಗಿಲ ತನಕ ಹೋಗಿ ಬಂದೆ. ಇನ್ನೊಮ್ಮೆ ಹೋಗಿ ಕೇಳುತ್ತೇನೆ.